ಅಂಬಲಿ ಮೀನಿನ (ಜೆಲ್ಲಿಫಿಶ್) ಜೀನನ್ನು ಹಂಚಿಕೊಟ್ಟ ವಿಜ್ಞಾನಿಯ ಬದುಕು ನೋಡಿದ ಮೇಲೆ, ಮಗಳನ್ನು ಸಂಶೋಧನೆಗೆ ಕಳಿಸುವುದೋ ಬೇಡವೋ?

ಕೋಡಿಬಾಗ ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲೇ ಕಾರವಾರದ ಕೋಡಿಬಾಗದಲ್ಲಿರುವ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮುಂದೆ ಅಣುಜೀವಶಾಸ್ತ್ರದಲ್ಲಿ, ಅದರಲ್ಲೂ ಬೆಳಕು ಬಿದ್ದಾಗ ಹೊಳೆಯುವ ಪ್ರತಿದೀಪ್ತ (ಫ್ಲೋರೊಸೆಂಟ್) ಪ್ರೋಟೀನುಗಳ ಮೇಲೆ ಪಿಎಚ್.ಡಿ. ಮಾಡಬೇಕೆಂಬುದು ಅವಳ ಹಂಬಲ. ಕಳೆದ ವಾರ ರಾತ್ರಿ ಊಟಕ್ಕೆ ಕುಳಿತಾಗ ಅವಳು ಡಗ್ಲಸ್ ಪ್ರಾಶರ್ ಎಂಬ ಅಮೆರಿಕದ ವಿಜ್ಞಾನಿಯ ವಿಷಯ ಹೇಳಿದಳು. ಅಂಬಲಿ ಮೀನಿನ ಹಸಿರು ಪ್ರತಿದೀಪ್ತ ಪ್ರೋಟೀನ್, ಅಂದರೆ ಜಿಎಫ್‌ಪಿ, ಅದರ ಜೀನನ್ನು ಪ್ರತ್ಯೇಕಿಸಿ 1992ರಲ್ಲಿ ಪ್ರಕಟಿಸಿದವರು ಅವರು. ಹಣ ಮುಗಿದಾಗ ಆ ಜೀನನ್ನು ಕೇಳಿದವರಿಗೆಲ್ಲ ಕೊಟ್ಟು ಕ್ಷೇತ್ರವನ್ನೇ ಬಿಟ್ಟರಂತೆ. 2008ರಲ್ಲಿ ಅದೇ ಪ್ರೋಟೀನಿಗಾಗಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾದ ದಿನ ಇವರು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಕಾರು ಮಾರಾಟ ಮಳಿಗೆಯೊಂದರ ವ್ಯಾನ್ ಓಡಿಸುತ್ತಿದ್ದರು.

ಮಗಳು ಇದನ್ನು ದೊಡ್ಡ ಮನಸ್ಸಿನ ವಿಜ್ಞಾನಿಯೊಬ್ಬರ ಕಥೆಯೆಂದು ಹೇಳಿದಳು. ನನಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ದೊಡ್ಡ ಕೆಲಸ ಮಾಡಿದವರಿಗೇ ಆ ಗತಿ ಬಂದರೆ ನಮ್ಮಂಥವರ ಮಕ್ಕಳ ಪಾಡೇನು? ಈ ಕ್ಷೇತ್ರ ಬಲ್ಲವರು ದಯವಿಟ್ಟು ನೇರವಾಗಿ ಹೇಳಬೇಕು.

ಶಿರಸಿ ಮಾಸ್ತರ

ಒಂದು ತಿದ್ದುಪಡಿಯಿಂದ ಶುರುಮಾಡುತ್ತೇನೆ. ಜಿಎಫ್‌ಪಿಯನ್ನು ಕಂಡವರು ಪ್ರಾಶರ್ ಅಲ್ಲ, ಜಪಾನಿನ ಒಸಾಮು ಶಿಮೊಮುರಾ. 1961ರ ಬೇಸಿಗೆಯಲ್ಲಿ ಅವರು ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಸುಮಾರು 10,000 ಅಂಬಲಿ ಮೀನು ಹಿಡಿದು, ಬೆಳಗುವ ಅಂಚನ್ನಷ್ಟೇ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆದರು. ಬೆಳಕಿನ ಗುಟ್ಟು ತಿಳಿಯದೆ ಬೇಸತ್ತು ಒಂದು ದಿನ ರಸವನ್ನು ಪ್ರಯೋಗಾಲಯದ ಸಿಂಕಿಗೆ ಚೆಲ್ಲಿದರು. ಅಲ್ಲಿಗೆ ಮೀನಿನ ತೊಟ್ಟಿಯಿಂದ ಸಮುದ್ರದ ನೀರು ಹರಿದುಬರುತ್ತಿತ್ತು; ರಸ ಫಕ್ಕನೆ ನೀಲಿಯಾಗಿ ಹೊತ್ತಿಕೊಂಡಿತು. ಸಮುದ್ರದ ನೀರಿನ ಕ್ಯಾಲ್ಸಿಯಂ ತಾಗಿ ಬೆಳಗುವ ಆ ಪ್ರೋಟೀನಿಗೆ ಈಕ್ವೊರಿನ್ ಎಂದು ಹೆಸರಿಟ್ಟರು. ಅದರ ಜೊತೆಯಲ್ಲಿ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನ್ ಇದೆಯೆಂದು 1962ರ ಪ್ರಬಂಧದಲ್ಲೇ ಬರೆದರು. ಅದೇ ಜಿಎಫ್‌ಪಿ.

ಶಿಮೊಮುರಾ ಹದಿನಾರರ ಹುಡುಗನಾಗಿದ್ದಾಗ ನಾಗಸಾಕಿಯ ಹತ್ತಿರದ ಇಸಹಾಯಾದಲ್ಲಿದ್ದರು. ಬಾಂಬಿನ ಬೆಳಕು ಅವರ ಕಣ್ಣನ್ನು ಸ್ವಲ್ಪ ಹೊತ್ತು ಕತ್ತಲಾಗಿಸಿತ್ತು. ಮುಂದೆ ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೇಸಿಗೆ ಬೇಸಿಗೆಯೂ ಕೈಬಲೆ ಹಿಡಿದು, ಒಟ್ಟು ಎಂಟೂವರೆ ಲಕ್ಷದಷ್ಟು ಅಂಬಲಿ ಮೀನು ಸಂಗ್ರಹಿಸಿದರು. ಯಾವ ಉಪಯೋಗಕ್ಕೆ ಎಂದು ಯಾರೂ ಹೇಳಲಾರದ ಕಾಲದಲ್ಲಿ ಅವರನ್ನು ಅಷ್ಟು ವರ್ಷ ನಡೆಸಿಕೊಂಡು ಬಂದ ವ್ಯವಸ್ಥೆಯೂ ಇತ್ತೆಂಬುದನ್ನು ನೀವು ಮಗಳ ಕಥೆಯ ಪಕ್ಕದಲ್ಲೇ ಇಟ್ಟು ನೋಡಬೇಕು.

ಬೈತಖೋಲ ದೋಣಿ

ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಕೆಲವು ರಾತ್ರಿ ನಮ್ಮ ಬಲೆ ಎಳೆದಲ್ಲೆಲ್ಲ ನೀರು ನೀಲಿಯಾಗಿ ಉರಿಯುತ್ತದೆ. ಹುಟ್ಟು ಹಾಕಿದರೆ ಹುಟ್ಟಿನ ತುದಿಯಲ್ಲಿ ಬೆಳಕು, ಬಲೆಯ ಕಣ್ಣುಕಣ್ಣಿನಲ್ಲೂ ಬೆಳಕು. ಆ ಹುಡುಗಿ ಓದಬೇಕೆನ್ನುತ್ತಿರುವ ಪ್ರೋಟೀನ್ ಇದೇ ಏನು?

ಕುಮಟಾದವಳು, ಈಗ ಬೆಂಗಳೂರು

ಅಣ್ಣಾ, ಅದು ಬೇರೆ. ನಮ್ಮ ಕರಾವಳಿಯಲ್ಲಿ ಹಾಗೆ ಬೆಳಗುವುದು ಹೆಚ್ಚಾಗಿ ನೊಕ್ಟಿಲುಕಾ ಎಂಬ ಏಕಕೋಶ ಜೀವಿ. ಅಲೆ ಬಡಿದಾಗಲೋ ಬಲೆ ತಾಗಿದಾಗಲೋ ಅದರ ಒಡಲಲ್ಲಿ ರಾಸಾಯನಿಕ ಕ್ರಿಯೆ ನಡೆದು ಬೆಳಕು ಹುಟ್ಟುತ್ತದೆ. ಅದನ್ನು ಜೀವದೀಪ್ತಿ ಎನ್ನುತ್ತೇವೆ. ಮಿಂಚುಹುಳದ್ದೂ ಅದೇ ಬಗೆ. ಜಿಎಫ್‌ಪಿ ತಾನಾಗಿ ಬೆಳಕು ಹುಟ್ಟಿಸುವುದಿಲ್ಲ. ನೇರಳಾತೀತ ಅಥವಾ ನೀಲಿ ಬೆಳಕನ್ನು ಹೀರಿಕೊಂಡು ಹಸಿರಾಗಿ ಹೊರಗೆ ಬಿಡುತ್ತದೆ, ಅದಕ್ಕೇ ಪ್ರತಿದೀಪ್ತಿ ಎಂಬ ಹೆಸರು. ಅಂಬಲಿ ಮೀನಿನಲ್ಲಿ ಎರಡೂ ಜೊತೆಯಾಗಿವೆ: ಈಕ್ವೊರಿನ್ ನೀಲಿ ಬೆಳಕಿನ ಶಕ್ತಿಯನ್ನು ಕೊಡುತ್ತದೆ, ಜಿಎಫ್‌ಪಿ ಅದನ್ನು ಪಡೆದು 509 ನ್ಯಾನೊಮೀಟರಿನ ಹಸಿರು ಮಾಡುತ್ತದೆ.

ನಾನು ಜಿಎಫ್‌ಪಿ ಅಂಟಿಸಿದ ಹಣ್ಣುನೊಣಗಳ ಮೇಲೆ ಪಿಎಚ್.ಡಿ. ಮಾಡಿದವಳು. ಆದ್ದರಿಂದ ಮೂಲ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪ್ರಾಶರ್ ಅವರ ವೃತ್ತಿಬದುಕನ್ನು ಕೊನೆಯಿಂದ ನೋಡಬೇಡಿ, ಮೊದಲಿನಿಂದ ನೋಡಿ. ಅವರು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಮಿಲ್ಟನ್ ಕಾರ್ಮಿಯರ್ ಅವರ ಪ್ರಯೋಗಾಲಯದಲ್ಲಿದ್ದಾಗ ಈಕ್ವೊರಿನ್ ಜೀನನ್ನು ಪ್ರತ್ಯೇಕಿಸಿದ ತಂಡದಲ್ಲಿದ್ದರು. ನಂತರ ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಗೆ ಬಂದು ಜಿಎಫ್‌ಪಿಯ ಬೆನ್ನು ಹತ್ತಿದರು. ಈ ಹಸಿರು ಪ್ರೋಟೀನಿನ ಜೀನನ್ನು ಬೇರೊಂದು ಪ್ರೋಟೀನಿನ ಜೀನಿಗೆ ಜೋಡಿಸಿದರೆ ಜೀವಂತ ಕೋಶದೊಳಗೆ ಆ ಪ್ರೋಟೀನ್ ಎಲ್ಲಿದೆ, ಯಾವಾಗ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದೆಂಬ ಯೋಚನೆ ಅವರಿಗೆ ಬಹಳ ಮುಂಚೆಯೇ ಹೊಳೆದಿತ್ತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಜೀನ್ ಪ್ರತ್ಯೇಕಿಸುವಷ್ಟಕ್ಕೆ ಹಣ ಕೊಟ್ಟಿತು. 238 ಅಮೈನೊ ಆಮ್ಲಗಳ ಪೂರ್ಣ ಸರಣಿ ಅವರ ಕೈಗೆ ಬಂತು. ಮುಂದಿನ ಕೆಲಸಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಹಾಕಿದ ಅರ್ಜಿ ತಿರಸ್ಕೃತವಾಯಿತು.

ಆಗಿನ ಕಾಲದಲ್ಲಿ ಅನೇಕರಿಗೆ ಒಂದು ಗಟ್ಟಿ ಸಂಶಯವಿತ್ತು. ಪ್ರೋಟೀನ್ ಹೊಳೆಯಬೇಕಾದರೆ ಅಂಬಲಿ ಮೀನಿನೊಳಗಿನ ಬೇರೆ ಕಿಣ್ವಗಳ ನೆರವು ಬೇಕಾದೀತು, ಬರಿಯ ಜೀನನ್ನು ಬ್ಯಾಕ್ಟೀರಿಯಾದೊಳಗೆ ಹಾಕಿದರೆ ಏನೂ ಕಾಣಲಿಕ್ಕಿಲ್ಲ ಎಂಬುದು ಆ ಸಂಶಯ. ಅದು ಸುಳ್ಳೆಂದು ತೋರಿಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ ಅವರ ಪ್ರಯೋಗಾಲಯ. ಅಲ್ಲಿಯೂ ಕೈಯಾರೆ ಮಾಡಿದವರು ಗಿಯಾ ಯೂಸ್ಕರ್ಶನ್ ಎಂಬ ವಿದ್ಯಾರ್ಥಿನಿ. ಜೀನಿನ ಆಚೀಚೆಯ ಹೆಚ್ಚುವರಿ ಡಿಎನ್‌ಎಯನ್ನು ಬಿಟ್ಟು, ಪ್ರೋಟೀನಿಗೆ ಬೇಕಾದಷ್ಟನ್ನೇ ಡಿಎನ್‌ಎ ಪ್ರತಿಗಳನ್ನು ಮಾಡುವ ಪಿಸಿಆರ್ ವಿಧಾನದಿಂದ ಹೆಚ್ಚಿಸಿ ಬ್ಯಾಕ್ಟೀರಿಯಾಕ್ಕೆ ಹಾಕಿದ್ದು ಅವರ ಯಶಸ್ಸಿನ ಗುಟ್ಟು. ತಮ್ಮ ಪ್ರಯೋಗಾಲಯದ ಸೂಕ್ಷ್ಮದರ್ಶಕ ಸಾಲದೆ, ತಾವು ಹಿಂದೆ ಕೆಲಸ ಮಾಡಿದ್ದ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿನ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಬ್ಯಾಕ್ಟೀರಿಯಾ ಹಸಿರಾಗಿತ್ತು.

ಯಲ್ಲಾಪುರದ ತೋಟಿಗ

ಅಂದರೆ ಪ್ರಾಶರ್ ಬೀಜ ಬಿತ್ತಿದರು, ಕೊಯ್ಲು ಮಾಡಿದವರು ಬೇರೆಯವರು. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯವೇ. ಜೀನ್ ಕೊಡುವ ಮೊದಲು ಅವರು ಕರಾರು ಬರೆಸಿಕೊಳ್ಳಬೇಕಿತ್ತು.

ಹೊನ್ನಾವರ ಅಕ್ಕೋರು

ತೋಟಿಗರೇ, ಅವರು ಕೊಟ್ಟು ಕಣ್ಮರೆಯಾದರು ಎಂಬ ಮಾತು ಪೂರ್ತಿ ಸರಿಯಲ್ಲ. 1994ರ ಫೆಬ್ರವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಚಾಲ್ಫಿ ಅವರ ಪ್ರಬಂಧದ ಐವರು ಲೇಖಕರಲ್ಲಿ ಪ್ರಾಶರ್ ಒಬ್ಬರು. ಸ್ಯಾನ್ ಡಿಯೇಗೊದ ರೋಜರ್ ಚೆನ್ ಅವರ ತಂಡ ಅದೇ ವರ್ಷ ಪ್ರಕಟಿಸಿದ ಪ್ರಬಂಧದಲ್ಲೂ ಅವರ ಹೆಸರಿದೆ. ಯಾರೂ ಕದಿಯಲಿಲ್ಲ, ಯಾರೂ ಹೆಸರು ಅಳಿಸಲಿಲ್ಲ. ನೊಬೆಲ್ ನಿಯಮದ ಪ್ರಕಾರ ಒಂದು ಪ್ರಶಸ್ತಿಯನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ, ಆದ್ದರಿಂದ ಶಿಮೊಮುರಾ, ಚಾಲ್ಫಿ, ಚೆನ್ ಅವರಿಗೆ ಸಿಕ್ಕಿತು. ತಮ್ಮನ್ನು ಬಿಟ್ಟು ಪ್ರಾಶರ್ ಮತ್ತು ಉಳಿದಿಬ್ಬರಿಗೆ ಸಲೀಸಾಗಿ ಕೊಡಬಹುದಿತ್ತು ಎಂದು ಚಾಲ್ಫಿಯವರೇ ಬಹಿರಂಗವಾಗಿ ಹೇಳಿದ್ದಾರೆ. ಅವರೂ ಚೆನ್ ಅವರೂ ಸೇರಿ ಖರ್ಚು ಕೊಟ್ಟು ಪ್ರಾಶರ್ ದಂಪತಿಯನ್ನು ಪ್ರಶಸ್ತಿ ಸಮಾರಂಭಕ್ಕೆ ಸ್ಟಾಕ್‌ಹೋಮಿಗೆ ಕರೆಸಿಕೊಂಡರು.

ಯಲ್ಲಾಪುರದ ತೋಟಿಗ

ಅಕ್ಕೋರೇ, ಹೆಸರು ಹಾಕಿದ್ದು ಒಳ್ಳೆಯದೇ, ಕರೆಸಿಕೊಂಡದ್ದೂ ಸಜ್ಜನಿಕೆಯೇ. ಆದರೆ ಹೆಸರಿನಿಂದ ಮನೆ ನಡೆಯುವುದಿಲ್ಲವಲ್ಲ? ಕೋಡಿಬಾಗದವರು ಕೇಳಿದ್ದು ಅದನ್ನೇ.

ಕುಮಟಾದವಳು, ಈಗ ಬೆಂಗಳೂರು

ನೀವು ಕೇಳಿದ್ದು ನ್ಯಾಯವಾಗಿಯೇ ಇದೆ, ಅದಕ್ಕೆ ನನ್ನ ಅನುಭವದಿಂದಲೇ ಉತ್ತರಿಸುತ್ತೇನೆ. ನಾನು ಪಿಎಚ್.ಡಿ.ಯ ನಾಲ್ಕನೆಯ ವರ್ಷದಲ್ಲಿದ್ದಾಗ ನಮ್ಮ ಪ್ರಯೋಗಾಲಯದ ಅನುದಾನ ಹನ್ನೊಂದು ತಿಂಗಳು ಬರಲಿಲ್ಲ. ನೊಣಗಳಿಗೆ ಹಾಕುವ ಜೋಳದ ಹಿಟ್ಟು, ಬೆಲ್ಲ, ಅಗಾರ್ ಇವನ್ನೂ ನಾವು ವಿದ್ಯಾರ್ಥಿಗಳೇ ಕೈಯಿಂದ ಹಾಕಿ ತಂದೆವು, ಏಕೆಂದರೆ ಒಂದು ವಾರ ಮೇವು ತಪ್ಪಿದರೂ ಮೂರು ವರ್ಷ ಕಟ್ಟಿದ ತಳಿಗಳು ಸತ್ತುಹೋಗುತ್ತಿದ್ದವು. ಆ ಹನ್ನೊಂದು ತಿಂಗಳು ಊರಿಗೆ ಫೋನ್ ಮಾಡಿದಾಗಲೆಲ್ಲ ಆಯಿಗೆ ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿದ್ದೆ. ಇಂಥ ಕಾಲ ಬರುವುದಿಲ್ಲವೆಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ.

ಪ್ರಾಶರ್ ಅವರಿಗೂ ಆದದ್ದು ಇದೇ, ಒಂದು ಸಲವಲ್ಲ, ಮತ್ತೆ ಮತ್ತೆ. ವುಡ್ಸ್ ಹೋಲ್ ಬಿಟ್ಟ ಮೇಲೆ ಅವರು ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದರು, ಆಮೇಲೆ ಹಂಟ್ಸ್‌ವಿಲ್‌ನಲ್ಲಿ ನಾಸಾ ಯೋಜನೆಯೊಂದರಲ್ಲಿದ್ದರು. ಆ ಯೋಜನೆಗೂ ಹಣ ನಿಂತಿತು. ಅವರ ಬುದ್ಧಿಯಲ್ಲಿ ಕೊರತೆಯಿರಲಿಲ್ಲ, ನಡುವಿನ ವರ್ಷಗಳನ್ನು ದಾಟಿಸುವ ಸೇತುವೆ ಇರಲಿಲ್ಲ. ಮುಂದೆ ಅವರು ವಿಜ್ಞಾನಕ್ಕೆ ಮರಳಿ, ಸ್ಯಾನ್ ಡಿಯೇಗೊದಲ್ಲಿ ಚೆನ್ ಅವರ ಪ್ರಯೋಗಾಲಯದಲ್ಲೇ ಕೆಲವು ವರ್ಷ ಕೆಲಸ ಮಾಡಿದರೆಂಬುದನ್ನು ವ್ಯಾನಿನ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಶಿರಸಿ ಮಾಸ್ತರ

ಕರಾರಿನ ಮಾತಿಗೆ ನನ್ನ ವಿರೋಧವಿದೆ. ಜೀನನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಪ್ರಾಶರ್ ಅವರಿಗೂ ಲಾಭವಿಲ್ಲ, ಜಗತ್ತಿಗೂ ಇಲ್ಲ. ಅವರಿಗೆ ಮುಂದಿನ ಪ್ರಯೋಗ ಮಾಡಲು ಹಣವಿರಲಿಲ್ಲ, ಕೇಳಿದವರಿಗೆ ಹಣವೂ ಇತ್ತು, ಯೋಚನೆಯೂ ಇತ್ತು. ಚಾಲ್ಫಿ ಜೀವನವಿಡೀ ನೋಡಿದ್ದು ಒಂದು ಮಿಲಿಮೀಟರ್ ಉದ್ದದ, ಗಾಜಿನಂತೆ ಪಾರದರ್ಶಕವಾದ ಸಿ. ಎಲಿಗನ್ಸ್ ಹುಳ. ಅದರ ಸ್ಪರ್ಶವನ್ನು ಗ್ರಹಿಸುವ ಆರೇ ಆರು ನರಕೋಶಗಳು ಅವರ ವಿಷಯ. ಜೀವಂತ ಹುಳದಲ್ಲಿ ಆ ನರಕೋಶಗಳು ಹಸಿರಾಗಿ, ನೂಲಿನಂತೆ ಕಂಡಾಗಲೇ ಜಿಎಫ್‌ಪಿ ಎಲ್ಲರ ಉಪಕರಣವಾಯಿತು. ಅದಕ್ಕಿಂತ ಮೊದಲು ಪ್ರಾಣಿಯನ್ನು ಕೊಂದು, ಬಣ್ಣ ಹಾಕಿ ನೋಡಬೇಕಿತ್ತು.

ಅಂಕೋಲಾ ಔಷಧಿ ಅಂಗಡಿ

ಮಗಳ ಆಸೆ ಏನೆಂದು ತಂದೆಗೆ ಕಣ್ಣಿಗೆ ಕಾಣಬೇಕಾದರೆ ಇಂದು ರಾತ್ರಿಯೇ ಒಂದು ಪ್ರಯೋಗ ಮಾಡಿ. ನಾಲ್ಕು ಬಸಳೆ ಎಲೆಗಳನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅರೆದು, ಹತ್ತಿಯಲ್ಲಿ ಸೋಸಿ, ಆ ಹಸಿರು ರಸವನ್ನು ಗಾಜಿನ ಲೋಟಕ್ಕೆ ಹಾಕಿ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲೆಯಲ್ಲಿ ಅದರ ಮೇಲೆ ಹಿಡಿದರೆ ಹಸಿರು ರಸ ಕೆಂಪಾಗಿ ಹೊಳೆಯುತ್ತದೆ. ಸ್ಪಿರಿಟ್‌ನಲ್ಲಿ ಕಲಸಿದ ಅರಿಶಿನವಾದರೆ ಹಳದಿ ಹಸಿರಾಗಿ ಬೆಳಗುತ್ತದೆ. ಹತ್ತಿರದಲ್ಲಿ ಒಲೆ, ದೀಪ ಉರಿಯುತ್ತಿರಬಾರದು, ದೀಪವನ್ನು ಕಣ್ಣಿಗೆ ನೇರ ಹಿಡಿಯಬಾರದು.

ಕುಮಟಾದವಳು, ಈಗ ಬೆಂಗಳೂರು

ಬಹಳ ಒಳ್ಳೆಯ ಪ್ರಯೋಗ. ಒಂದೇ ಮಾತು ಸೇರಿಸುತ್ತೇನೆ. ಅರಿಶಿನದಲ್ಲಿಯೂ ಬಸಳೆಯಲ್ಲಿಯೂ ಹೊಳೆಯುವುದು ಸಣ್ಣ ವರ್ಣದ್ರವ್ಯ. ಅದನ್ನು ತಯಾರಿಸಲು ಗಿಡಕ್ಕೆ ಸಾಲುಸಾಲು ಕಿಣ್ವಗಳು ಬೇಕು. ಜಿಎಫ್‌ಪಿಯ ವಿಶೇಷವೆಂದರೆ ಅದರ ಸರಣಿಯ 65, 66, 67ನೆಯ ಅಮೈನೊ ಆಮ್ಲಗಳು ತಾವೇ ಬಾಗಿ, ಬೆಸೆದುಕೊಂಡು, ಗಾಳಿಯ ಆಮ್ಲಜನಕ ಒಂದಿದ್ದರೆ ಸಾಕು, ಬೆಳಗುವ ಭಾಗವನ್ನು ಕಟ್ಟಿಕೊಳ್ಳುತ್ತವೆ. 1996ರಲ್ಲಿ ಅದರ ರಚನೆ ಸ್ಪಷ್ಟವಾದಾಗ ನೋಡಿದರೆ, ಹನ್ನೊಂದು ಪಟ್ಟಿಗಳನ್ನು ಸುತ್ತ ನಿಲ್ಲಿಸಿ ಹೆಣೆದಂತಿತ್ತು, ನಮ್ಮ ಹೊಳೆಗಳಲ್ಲಿ ಮೀನಿಗೆ ಇಡುವ ಬಿದಿರಿನ ಕೂಳಿಯ ಹಾಗೆ. ಬೆಳಗುವ ಭಾಗ ಆ ಕೂಳಿಯ ನಡುವೆ ಭದ್ರವಾಗಿ ಕುಳಿತಿದೆ. ಕುದಿಸಿದರೆ ಕೂಳಿ ಬಿಚ್ಚಿಹೋಗಿ ಹೊಳಪೂ ಹೋಗುತ್ತದೆ.

ಚೆನ್ ಮಾಡಿದ್ದು ಇಲ್ಲಿಂದ ಮುಂದಿನ ಕೆಲಸ. 65ನೆಯ ಸ್ಥಾನದ ಸೆರಿನ್ ಬದಲು ಥ್ರಿಯೊನಿನ್ ಹಾಕಿದರು, ಪ್ರೋಟೀನ್ ಇನ್ನೂ ಪ್ರಖರವಾಯಿತು. 66ರಲ್ಲಿ ಟೈರೊಸಿನ್ ಬದಲು ಹಿಸ್ಟಿಡಿನ್ ಹಾಕಿದರೆ ನೀಲಿ ಬಂತು. ಮಾಸ್ಕೋದ ವಿಜ್ಞಾನಿಗಳು ಅಕ್ವೇರಿಯಂನಲ್ಲಿ ಸಾಕುವ ಹವಳದ ಬಳಗದ ಜೀವಿಗಳಲ್ಲಿ ಕೆಂಪು ಪ್ರೋಟೀನ್ ಕಂಡು 1999ರಲ್ಲಿ ಪ್ರಕಟಿಸಿದ ಮೇಲೆ, ಚೆನ್ ಅದನ್ನೂ ತಿದ್ದಿ 2004ರಲ್ಲಿ ಎಂಚೆರಿ ಮುಂತಾದ ಹಣ್ಣಿನ ಹೆಸರಿನ ಬಣ್ಣಗಳ ಸಾಲನ್ನೇ ಕೊಟ್ಟರು. ಒಂದೇ ಕೋಶದಲ್ಲಿ ಎರಡು ಮೂರು ಪ್ರೋಟೀನುಗಳನ್ನು ಬೇರೆ ಬೇರೆ ಬಣ್ಣದಲ್ಲಿ ನೋಡಲು ಆಗುತ್ತಿರುವುದು ಇದರಿಂದಲೇ.

ಯಲ್ಲಾಪುರದ ತೋಟಿಗ

ತಂಗೀ, ನೀನು ವಿವರಿಸಿದ್ದು ಚೆನ್ನಾಗಿ ಅರ್ಥವಾಯಿತು. ಹಾಗಾದರೆ ನಮ್ಮ ಅಡಿಕೆಯ ಕೊಳೆರೋಗಕ್ಕೆ ಇದರಿಂದ ಏನಾದರೂ ಪ್ರಯೋಜನವಿದೆಯೇ? ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ, ಬೋರ್ಡೋ ದ್ರಾವಣ ಹೊಡೆದು, ಆದರೂ ಮಳೆ ಬಿಡದ ವರ್ಷ ಉದುರಿದ ಹಸಿ ಅಡಿಕೆ ರಾಶಿ ನೋಡಿದವನಿಗೆ ಈ ಪ್ರಶ್ನೆ ಬಾರದೆ ಇರುವುದಿಲ್ಲ.

ಕುಮಟಾದವಳು, ಈಗ ಬೆಂಗಳೂರು

ರೋಗ ವಾಸಿಮಾಡುವ ಔಷಧ ಇದಲ್ಲ, ರೋಗವನ್ನು ನೋಡುವ ಕಣ್ಣು. ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ರೋಗಾಣು. ಅದರ ಹತ್ತಿರದ ಜಾತಿಗಳಿಗೆ ಪ್ರತಿದೀಪ್ತ ಪ್ರೋಟೀನ್ ಜೋಡಿಸಿ, ರೋಗಾಣು ಯಾವ ದಾರಿಯಿಂದ ಗಿಡದ ಅಂಗಾಂಶದೊಳಗೆ ನುಗ್ಗುತ್ತದೆ, ಎಷ್ಟು ಗಂಟೆಗೆ ಎಷ್ಟು ದೂರ ಹಬ್ಬುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಅದು ತಿಳಿದರೆ ಔಷಧ ಯಾವ ಹೊತ್ತಿಗೆ ಬೀಳಬೇಕೆಂದು ಯೋಚಿಸಬಹುದು. ಆದರೆ ಅಂಥ ರೋಗಾಣುವನ್ನು ತೋಟಕ್ಕೆ ಬಿಡುವಂತಿಲ್ಲ. ನಮ್ಮ ದೇಶದಲ್ಲಿ 1989ರ ನಿಯಮಗಳ ಪ್ರಕಾರ ಜೀನ್ ಬದಲಿಸಿದ ಜೀವಿಗಳ ಕೆಲಸವೆಲ್ಲ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಕಣ್ಣಡಿಯಲ್ಲೇ ನಡೆಯಬೇಕು.

ಹೊನ್ನಾವರ ಅಕ್ಕೋರು

ಮೂಲ ಪ್ರಶ್ನೆ ತೋಟದ ಕಡೆ ಹೋಗುತ್ತಿದೆ. ಹುಡುಗಿಗೆ ಈಗ ಬೇಕಾದದ್ದು ದಾರಿ. ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನವಿದೆ. 2023ರ ಜನವರಿಯಿಂದ ಈ ದರ. ಮನೆಬಾಡಿಗೆ ಭತ್ಯೆ ಬೇರೆ. ನನ್ನ ವಿದ್ಯಾರ್ಥಿನಿಯರಿಗೆ ನಾನು ಹೇಳುವುದಿಷ್ಟೇ: ಸ್ವಂತ ಹೆಸರಿನಲ್ಲಿ ಫೆಲೋಶಿಪ್ ಇದ್ದರೆ ಮಾರ್ಗದರ್ಶಕರ ಅನುದಾನ ನಿಂತರೂ ನಿಮ್ಮ ಅನ್ನ ನಿಲ್ಲುವುದಿಲ್ಲ. ಅದಿಲ್ಲದೆ ಪ್ರಾಜೆಕ್ಟ್ ಹಣದ ಮೇಲೆಯೇ ಪಿಎಚ್.ಡಿ.ಗೆ ಸೇರಬೇಡಿ. ಕೋಡಿಬಾಗದವರ ಭಯಕ್ಕೆ ನನಗೆ ಕಾಣುವ ನಿಜವಾದ ಉತ್ತರ ಇದು.

ಶಿರಸಿ ಮಾಸ್ತರ

ಅಕ್ಕೋರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಆಕ್ಷೇಪ. ಫೆಲೋಶಿಪ್ ಐದು ವರ್ಷದ್ದು. ಜಿಎಫ್‌ಪಿ 1962ರಲ್ಲಿ ಕಂಡದ್ದು, ಎಲ್ಲರ ಕೈಗೆ ಬಂದದ್ದು 1994ರಲ್ಲಿ. ಮೂವತ್ತೆರಡು ವರ್ಷದ ಕೆಲಸಕ್ಕೆ ಐದು ವರ್ಷದ ಗಡುವು ಹಾಕುವ ಪದ್ಧತಿ ಬದಲಾಗದೆ ಪ್ರಾಶರ್ ಅವರಂಥ ಕಥೆಗಳು ನಿಲ್ಲುವುದಿಲ್ಲ.

ಹೊನ್ನಾವರ ಅಕ್ಕೋರು

ಮಾಸ್ತರೇ, ಪದ್ಧತಿ ಬದಲಾಗಬೇಕೆಂಬುದು ನಿಜ. ಆದರೆ ಆ ಹುಡುಗಿ ಪರೀಕ್ಷೆಗೆ ಅರ್ಜಿ ತುಂಬಬೇಕಾದದ್ದು ಈ ವರ್ಷ.

ಬೈತಖೋಲ ದೋಣಿ

ನಮ್ಮಲ್ಲಿ ರಂಪಣಿ ಎಳೆಯುವಾಗ ಹಗ್ಗ ಹಿಡಿದವರಿಗೆಲ್ಲ ಪಾಲು ಇರುತ್ತದೆ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟವನಿಗೂ ಉಂಟು, ದಂಡೆಯಲ್ಲಿ ಎಳೆದವನಿಗೂ ಉಂಟು. ಮೂರೇ ಜನಕ್ಕೆ ಎಂಬ ನಿಯಮ ನನಗೆ ಅರ್ಥವಾಗಲಿಲ್ಲ. ಹುಡುಗಿ ಓದಲಿ ಎಂದೇ ನಾನು ಹೇಳುತ್ತೇನೆ.

ಕೋಡಿಬಾಗ ನಿವಾಸಿ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಬಸಳೆಯ ಪ್ರಯೋಗ ಮಾಡಿದೆವು. ಪರಿಚಯದ ಕಿರಾಣಿ ಅಂಗಡಿಯವರಿಂದ ನೋಟಿನ ದೀಪ ತಂದು, ಅಡುಗೆ ಮನೆಯ ದೀಪ ಆರಿಸಿ ಹಿಡಿದಾಗ ಲೋಟದ ಹಸಿರು ರಸ ಕುಂಕುಮದ ನೀರಿನಂತೆ ಕೆಂಪಾಯಿತು. ನನ್ನ ತಾಯಿಗೆ ಎಂಬತ್ತು ದಾಟಿದೆ. ಅವರು ದೀಪ ಹಾಕಿಸಿ, ಆರಿಸಿ, ಮೂರು ಸಲ ನೋಡಿದರು. ದಿನಾ ಸಾರಿಗೆ ಹಾಕುವ ಸೊಪ್ಪಿನೊಳಗೆ ಇದಿತ್ತೇ ಎಂದು ಕೇಳಿದರು.

ಅನುದಾನ ನಿಂತ ಹನ್ನೊಂದು ತಿಂಗಳ ವಿಷಯವನ್ನು ಬರೆದ ಕುಮಟಾದ ತಂಗಿಗೆ ವಿಶೇಷ ಕೃತಜ್ಞತೆ. ಅದನ್ನು ಮಗಳಿಗೂ ಓದಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಟ್ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತೇನೆ, ಜೆಆರ್‌ಎಫ್ ಬಂದರೆ ಮಾತ್ರ ಸೇರುತ್ತೇನೆ ಎಂದಳು. ನಾನೂ ಒಪ್ಪಿದ್ದೇನೆ. ಅವಳದೊಂದು ಪ್ರಶ್ನೆ ಉಳಿದಿದೆ: ಈಗಲೂ ಜೀನನ್ನು ಅಂಚೆಯಲ್ಲಿ ಕಳಿಸುತ್ತಾರೆಯೇ?

ಕುಮಟಾದವಳು, ಈಗ ಬೆಂಗಳೂರು

ಕಳಿಸುತ್ತಾರೆ. ಜೀನನ್ನು ಹೊತ್ತ ಡಿಎನ್‌ಎ ಉಂಗುರಗಳಾದ ಪ್ಲಾಸ್ಮಿಡ್‌ಗಳನ್ನು ಸಂಗ್ರಹಿಸಿ ಹಂಚುವ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೇ ಈಗ ಇವೆ. ಪರಿಚಯದ ಪ್ರಯೋಗಾಲಯದವರು ಇನ್ನೂ ಸರಳವಾಗಿ ಕಳಿಸುತ್ತಾರೆ: ಡಿಎನ್‌ಎ ದ್ರವದ ಒಂದು ಹನಿಯನ್ನು ಶೋಧಕ ಕಾಗದದ ಮೇಲೆ ಬಿಟ್ಟು, ಒಣಗಿಸಿ, ಸುತ್ತ ಪೆನ್ಸಿಲ್‌ನಿಂದ ವೃತ್ತ ಬರೆದು, ಲಕೋಟೆಯಲ್ಲಿ ಹಾಕುತ್ತಾರೆ. ನನಗೆ ಮೊದಲ ಸಲ ಹಾಗೆ ಬಂದಾಗ ಲಕೋಟೆಯಲ್ಲಿ ಬರಿಯ ಕಾಗದದ ಚೂರು ಕಂಡು, ಕಳಿಸಲು ಮರೆತಿದ್ದಾರೆಂದೇ ತಿಳಿದಿದ್ದೆ. ವೃತ್ತವನ್ನು ಕತ್ತರಿಸಿ ಬಫರಿನಲ್ಲಿ ನೆನೆಯಿಟ್ಟು, ಆ ನೀರಿನಲ್ಲಿ ಸ್ವಲ್ಪವನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟು, ತಟ್ಟೆಯಲ್ಲಿ ಹರಡಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ನೀಲಿ ದೀಪದಡಿ ಮುಚ್ಚಳ ತೆಗೆದರೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆಗಳು ತಟ್ಟೆಯ ತುಂಬ ಇರುತ್ತವೆ. ಪರೀಕ್ಷೆ ಮುಗಿಸಿಕೊಂಡು ಒಂದು ದಿನ ಬೆಂಗಳೂರಿಗೆ ಬರಲು ಹೇಳಿ, ನಾನೇ ಅವಳ ಕೈಯಿಂದ ಮಾಡಿಸುತ್ತೇನೆ.